ಜಿಲ್ಲಾ ಕೇಂದ್ರದ ಕಾನೂನು ಕಾಲೇಜಿನಲ್ಲಿ ವಿಶೇಷ ಸಂಶೋಧನಾ ಕೇಂದ್ರ: ಕಟ್ಟುವ ಮತ್ತು ನಡೆಸುವ ಬಗೆ

ಬಹಳ ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಕಾಲೇಜೊಂದರಲ್ಲಿ ಗ್ರಂಥಾಲಯದ ಪಕ್ಕದ ಕೊಠಡಿಗೆ ‘ಮಾನವ ಹಕ್ಕುಗಳ ಅಧ್ಯಯನ ಕೇಂದ್ರ’ ಎಂಬ ಫಲಕ ಹಾಕಿ, ಗಣ್ಯರನ್ನು ಕರೆಸಿ ಉದ್ಘಾಟನೆ ಮಾಡಿದೆವು. ಸಂಚಾಲಕನ ಜವಾಬ್ದಾರಿ ನನ್ನದೇ ಆಗಿತ್ತು. ಎರಡು ವಿಚಾರ ಸಂಕಿರಣಗಳು ನಡೆದವು, ಒಂದು ಸ್ಮರಣ ಸಂಚಿಕೆ ಬಂತು. ಮೂರನೆಯ ವರ್ಷಕ್ಕೆ ಆ ಕೊಠಡಿಯಲ್ಲಿ ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳನ್ನು ಇಟ್ಟು ಬೀಗ ಹಾಕಲಾಯಿತು. ಈ ಕೇಂದ್ರ ಯಾವ ಸಂಗತಿಯನ್ನು ತಿಳಿದುಕೊಳ್ಳಲು ಹೊರಟಿದೆ ಎಂದು ನಮ್ಮಲ್ಲಿ ಒಬ್ಬರೂ ಕೇಳಿಕೊಂಡಿರಲಿಲ್ಲ. ಆ ಸೋಲು ಇಂದಿಗೂ ನನ್ನನ್ನು ಕಾಡುತ್ತದೆ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕಾನೂನು ಅಧ್ಯಾಪಕರು, ಎಲ್‌ಎಲ್‌ಎಂ ವಿದ್ಯಾರ್ಥಿಗಳು ಮತ್ತು ಆಸಕ್ತ ವಕೀಲರು ಅದೇ ತಪ್ಪನ್ನು ಮಾಡಬಾರದು ಎಂಬ ಉದ್ದೇಶದಿಂದ, ನಂತರದ ವರ್ಷಗಳಲ್ಲಿ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಕೇಂದ್ರ ಎಂದರೆ ಯಾವುದು, ಯಾವುದು ಅಲ್ಲ

ಕಾನೂನು ಶಾಲೆಯೊಳಗಿನ ಸಂಶೋಧನಾ ಕೇಂದ್ರವೆಂದರೆ ಕಾನೂನಿನ ಒಂದು ನಿರ್ದಿಷ್ಟ ಕ್ಷೇತ್ರವನ್ನು ಆರಿಸಿಕೊಂಡು, ಅದರ ಬಗ್ಗೆ ವರ್ಷಗಟ್ಟಲೆ ದಾಖಲೆ ಸಂಗ್ರಹಿಸಿ, ವಿಶ್ಲೇಷಿಸಿ, ಪ್ರಕಟಿಸುವ ಒಂದು ಸಣ್ಣ ತಂಡ. 1987ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಮಕ್ಕಳ ಕಾನೂನಿಗೆ, ಪರಿಸರ ಕಾನೂನಿಗೆ, ಸಾಮಾಜಿಕ ಬಹಿಷ್ಕರಣೆಯ ಅಧ್ಯಯನಕ್ಕೆ ಬೇರೆ ಬೇರೆ ಕೇಂದ್ರಗಳು ರೂಪುಗೊಂಡವು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ತಂಡವೊಂದು ಮರಣದಂಡನೆಗೆ ಗುರಿಯಾದ 373 ಕೈದಿಗಳನ್ನು ಮಾತನಾಡಿಸಿ 2016ರಲ್ಲಿ ವರದಿ ಹೊರತಂದಿತು. ಗಲ್ಲು ಶಿಕ್ಷೆ ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮ ತರಗತಿಗಳಲ್ಲಿ ಹಳೆಯದು. ಆ ಶಿಕ್ಷೆಗೆ ಗುರಿಯಾಗುವವರು ಯಾರು, ಅವರ ಬಡತನ ಎಂಥದ್ದು, ಅವರ ವಕೀಲರು ಅವರೊಡನೆ ಎಷ್ಟು ಮಾತನಾಡಿದ್ದರು ಎಂಬ ವಿವರಗಳನ್ನು ಆ ವರದಿ ಮುಂದಿಟ್ಟಿತು. ವಿಶೇಷ ಕೇಂದ್ರ ಮಾಡಬೇಕಾದ ಕೆಲಸ ಈ ಬಗೆಯದು.

ಕಾನೂನು ನೆರವು ಘಟಕವನ್ನು ಇದರೊಡನೆ ಬೆರೆಸಬಾರದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಆಶಯದಂತೆ ಕಾಲೇಜುಗಳಲ್ಲಿ ನಡೆಯುವ ನೆರವು ಘಟಕ, ಬಂದವರಿಗೆ ಸಲಹೆ ಕೊಡುತ್ತದೆ, ಅರ್ಜಿ ಬರೆದುಕೊಡುತ್ತದೆ. ಸಂಶೋಧನಾ ಕೇಂದ್ರ ಅಂತಹ ನೂರು ಅರ್ಜಿಗಳು ಏನಾದವು ಎಂದು ಹುಡುಕುತ್ತದೆ. ಎರಡೂ ಒಂದೇ ಕಟ್ಟಡದಲ್ಲಿದ್ದರೆ ಒಳ್ಳೆಯದೇ, ಆದರೆ ವಹಿಗಳು ಬೇರೆ ಇರಬೇಕು. ನೆರವು ಕೇಳಿ ಬಂದವರ ಗುಟ್ಟಿನ ಮಾಹಿತಿ ಅವರ ಒಪ್ಪಿಗೆಯಿಲ್ಲದೆ ಸಂಶೋಧನೆಯ ಕಡತಕ್ಕೆ ಹೋಗಕೂಡದು.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಕಿರಿದುಗೊಳಿಸುವುದು

ಈ ಹೆಜ್ಜೆಗೆ ಮೂರು ತಿಂಗಳು ಹಿಡಿದರೂ ಅವಸರ ಮಾಡಬೇಡಿ. ‘ಮಾನವ ಹಕ್ಕು’, ‘ಪರಿಸರ’, ‘ಮಹಿಳೆ ಮತ್ತು ಕಾನೂನು’ ಎಂಬ ವಿಶಾಲ ಹೆಸರುಗಳನ್ನು ಇಟ್ಟುಕೊಂಡ ಕೇಂದ್ರಗಳು ಜಿಲ್ಲಾ ಮಟ್ಟದಲ್ಲಿ ಬೇಗ ಬಸವಳಿಯುತ್ತವೆ, ಏಕೆಂದರೆ ಇಬ್ಬರು ಅಧ್ಯಾಪಕರು ಮತ್ತು ಹತ್ತು ವಿದ್ಯಾರ್ಥಿಗಳ ಕೈಗೆ ಅಷ್ಟು ದೊಡ್ಡ ಹೊಲ ಉಳಲು ಸಿಗುವುದಿಲ್ಲ. ಬೆಂಗಳೂರಿನ ಸಂಸ್ಥೆಗಳಿಗೆ ಇರುವ ಗ್ರಂಥಾಲಯವಾಗಲಿ ಹಣವಾಗಲಿ ನಮಗಿಲ್ಲ. ಆದರೆ ಉಪವಿಭಾಗಾಧಿಕಾರಿಗಳ ನ್ಯಾಯಾಲಯ ನಮ್ಮ ಕಾಲೇಜಿನಿಂದ ಆಟೋ ಹಿಡಿದರೆ ಸಿಗುವಷ್ಟು ಹತ್ತಿರದಲ್ಲಿದೆ. ಆ ಸಾಮೀಪ್ಯವೇ ನಮ್ಮ ಬಂಡವಾಳ.

ನಮ್ಮ ಎರಡು ಜಿಲ್ಲೆಗಳಲ್ಲಿ ಕೇಂದ್ರವೊಂದಕ್ಕೆ ತಳಹದಿಯಾಗಬಲ್ಲ ವಿಷಯಗಳು ಬಾಗಿಲಲ್ಲೇ ಇವೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ತೆಗೆದುಕೊಳ್ಳಿ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸುತ್ತದೆ. ಆದರೆ ಅಪಾಯಕಾರಿಯಲ್ಲದ ಕುಟುಂಬದ ಉದ್ಯಮದಲ್ಲಿ ಶಾಲೆಯ ಅವಧಿಯ ನಂತರ ಮಗು ಕೈಜೋಡಿಸಬಹುದು ಎಂದೂ ಅದೇ ತಿದ್ದುಪಡಿ ಹೇಳುತ್ತದೆ. ಹಾಗಿದ್ದರೆ ಮಾಲೀಕನಿಂದ ಮೂಟೆಯ ಲೆಕ್ಕದಲ್ಲಿ ಕೂಲಿ ಪಡೆದು ಇಡೀ ಕುಟುಂಬ ದುಡಿಯುವ ಭಟ್ಟಿಯನ್ನು ‘ಕುಟುಂಬದ ಉದ್ಯಮ’ ಎನ್ನಬಹುದೇ? ಕಾದ ಮರಳಿನ ಮುಂದೆ ನಿಲ್ಲುವ ಕೆಲಸ ಅಪಾಯಕಾರಿಯೇ ಅಲ್ಲವೇ? ಒಂದು ಕೇಂದ್ರ ಎರಡು ವರ್ಷ ದುಡಿಯಲು ಈ ಎರಡು ಪ್ರಶ್ನೆಗಳೇ ಸಾಕು.

ಚಿತ್ರದುರ್ಗದ ಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಮತ್ತು ಬಾಣಂತಿಯಾದ ಹೆಣ್ಣುಮಕ್ಕಳನ್ನು ಹಟ್ಟಿಯ ಹೊರಗೆ ಇರಿಸುವ ರೂಢಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ನಿರ್ಮೂಲನೆಗೆ ರಾಜ್ಯ ತಂದ 2017ರ ಕಾಯ್ದೆಯ ಅನುಸೂಚಿಯಲ್ಲಿ ಇಂತಹ ಬಲವಂತದ ಪ್ರತ್ಯೇಕತೆ ಸೇರಿದೆ. ಆದರೆ ದೂರು ಕೊಡಬೇಕಾದ ಹೆಣ್ಣುಮಗಳು ಅದೇ ಹಟ್ಟಿಯಲ್ಲಿ ಬಾಳಬೇಕಾದವಳು. ಶಿಕ್ಷೆಯ ಭಯಕ್ಕಿಂತ ದೇವರ ಭಯ ದೊಡ್ಡದಾಗಿರುವಲ್ಲಿ ಇಂತಹ ಕಾಯ್ದೆ ಹೇಗೆ ಕೆಲಸ ಮಾಡಬೇಕು ಎಂಬುದು ಗಂಭೀರ ಅಧ್ಯಯನಕ್ಕೆ ತಕ್ಕ ವಿಷಯ. ಇದನ್ನು ಆರಿಸಿಕೊಳ್ಳುವ ತಂಡದಲ್ಲಿ ಆ ಸಮುದಾಯದ ಹೆಣ್ಣುಮಕ್ಕಳು ಇರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಣಿಗಾರಿಕೆ ಇನ್ನೊಂದು. ಸುಪ್ರೀಂ ಕೋರ್ಟ್ 2011ರಲ್ಲಿ ಬಳ್ಳಾರಿಯ ಬೆನ್ನಿಗೇ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗುತ್ತಿಗೆಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವರ್ಗೀಕರಿಸಿದ್ದನ್ನು ಒಪ್ಪಿಕೊಂಡಿತು. ಗಣಿ ಮತ್ತು ಖನಿಜ ಕಾಯ್ದೆಗೆ ಆದ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿಕೊಂಡವು. ಗಣಿ ಬಾಧಿತ ಹಳ್ಳಿಗಳಿಗೆಂದು ಬರುವ ಆ ಹಣ ಎಲ್ಲಿ ಖರ್ಚಾಗುತ್ತದೆ, ಯಾವ ಗ್ರಾಮಸಭೆಯ ಮಾತು ಅದರಲ್ಲಿ ನಡೆಯುತ್ತದೆ ಎಂದು ಓದಲು ಬಲ್ಲವರು ಜಿಲ್ಲೆಯಲ್ಲೇ ಇರಬೇಕು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ (ಹುಲ್ಲುಗಾವಲುಗಳ) ಭೂಮಿ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಒತ್ತುವರಿ, ಶೇಂಗಾ ಬೆಳೆಗಾರರ ಬೆಳೆವಿಮೆಯ ತಕರಾರು, ಮೊಳಕಾಲ್ಮೂರು ಸೀರೆಯ ಭೌಗೋಳಿಕ ಸೂಚಕದ ಲಾಭ ನೇಕಾರನಿಗೆ ತಲುಪುತ್ತಿದೆಯೇ ಎಂಬ ವಿಚಾರ, ಇವೂ ಯೋಚಿಸಬೇಕಾದವೇ.

ಆಯ್ಕೆಗೆ ನಾನು ಬಳಸುವ ಪರೀಕ್ಷೆ ಸರಳ. ಪ್ರಶ್ನೆ ಒಂದೇ ವಾಕ್ಯದಲ್ಲಿ ಮುಗಿಯಬೇಕು. ಅದಕ್ಕೆ ಬೇಕಾದ ದಾಖಲೆ ಒಂದು ದಿನದ ಬಸ್ ಪ್ರಯಾಣದೊಳಗೆ ಸಿಗುವಂತಿರಬೇಕು. ಉತ್ತರ ತಿಳಿದರೆ ಬಳಸಿಕೊಳ್ಳುವ ಒಬ್ಬ ವಕೀಲನೋ ಅಧಿಕಾರಿಯೋ ಸಂಘಟನೆಯೋ ಕಣ್ಣೆದುರು ಇರಬೇಕು. ಇದರಲ್ಲಿ ಮುಂದಕ್ಕೆ ಒಂದೇ ಉದಾಹರಣೆಯನ್ನು ಹಿಡಿದು ಹೋಗುತ್ತೇನೆ, ಏಕೆಂದರೆ ನನಗೆ ಹೆಚ್ಚು ಪರಿಚಯವಿರುವುದು ಅದೇ: ಪಿಟಿಸಿಎಲ್ ಪ್ರಕರಣಗಳು.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ 1978ರದ್ದು; ಅದರ ಇಂಗ್ಲಿಷ್ ಹೆಸರಿನ ಕಿರುರೂಪವೇ ಪಿಟಿಸಿಎಲ್. ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿಯಾಗಲಿ, ಪೂರ್ವಾನುಮತಿ ಇಲ್ಲದೆಯಾಗಲಿ ಮಾರಿದ್ದರೆ ಆ ಮಾರಾಟ ಅನೂರ್ಜಿತವಾಗುತ್ತದೆ. ಉಪವಿಭಾಗಾಧಿಕಾರಿ ವಿಚಾರಣೆ ನಡೆಸಿ ಜಮೀನನ್ನು ಮಂಜೂರಿದಾರನಿಗೋ ವಾರಸುದಾರರಿಗೋ ಮರಳಿಸಬಹುದು, ಅವರ ಆದೇಶದ ಮೇಲೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, 2017ರಲ್ಲಿ, ಅರ್ಜಿಯನ್ನು ಸಮಂಜಸವಾದ ಕಾಲದೊಳಗೆ ಹಾಕಬೇಕು ಎಂದಿತು. ಆಮೇಲೆ ವಿಳಂಬದ ಕಾರಣಕ್ಕೆ ಅರ್ಜಿಗಳು ಬೀಳತೊಡಗಿದವು. ರಾಜ್ಯ 2023ರಲ್ಲಿ ತಿದ್ದುಪಡಿ ತಂದು ಕಾಲಮಿತಿಯ ಅಡ್ಡಿಯನ್ನು ತೆಗೆಯಲು ನೋಡಿತು. ಅದಾದ ಮೇಲೂ ವಿಳಂಬದ ವಾದ ಹೈಕೋರ್ಟಿನಲ್ಲಿ ಮುಗಿಯಲಿಲ್ಲ. ಈಗ ನಮ್ಮ ಪ್ರಶ್ನೆ: ‘ಒಂದು ಉಪವಿಭಾಗದಲ್ಲಿ 2010ರಿಂದ 2023ರವರೆಗೆ ವಜಾ ಆದ ಪಿಟಿಸಿಎಲ್ ಅರ್ಜಿಗಳು ಯಾವ ಕಾರಣಗಳಿಂದ ವಜಾ ಆದವು?’ ಇದಕ್ಕಿಂತ ಅಗಲವಾದ ಪ್ರಶ್ನೆ ಆರಂಭಕ್ಕೆ ಬೇಡ.

ಎರಡನೆಯ ಹೆಜ್ಜೆ: ಅನುಮತಿ ಮತ್ತು ನಿಯಮಾವಳಿ

ಕೇಂದ್ರಕ್ಕೆ ಪ್ರತ್ಯೇಕ ಸಂಘವನ್ನು ನೋಂದಾಯಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಅದು ಕಾಲೇಜಿನ ಭಾಗವಾಗಿಯೇ ಇದ್ದರೆ ಲೆಕ್ಕಪತ್ರ ಸುಲಭ, ವಿದ್ಯಾರ್ಥಿಗಳ ಹಾಜರಾತಿಯ ತೊಡಕೂ ಕಡಿಮೆ. ಪ್ರಾಂಶುಪಾಲರ ಮೂಲಕ ಆಡಳಿತ ಮಂಡಳಿಗೆ ನಾಲ್ಕು ಪುಟ ಮೀರದ ಪ್ರಸ್ತಾವ ಕೊಡಿ. ಅದರಲ್ಲಿ ಪ್ರಶ್ನೆ, ಮೂರು ವರ್ಷದ ಕೆಲಸ, ಬೇಕಾದ ಜಾಗ, ಹಣ, ಹೊಣೆಗಾರರ ಹೆಸರುಗಳು ಇರಲಿ. ಮಂಡಳಿಯ ನಿರ್ಣಯದ ಪ್ರತಿಯನ್ನು ಪಡೆದುಕೊಳ್ಳದೆ ಒಂದು ಕುರ್ಚಿಯನ್ನೂ ತರಿಸಬೇಡಿ. ನಮ್ಮ ಕಾಲೇಜುಗಳು 2009ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿರುವುದರಿಂದ ವಿಶ್ವವಿದ್ಯಾಲಯಕ್ಕೂ ಪತ್ರ ಬರೆದು ತಿಳಿಸಿ. ಮುಂದೆ ಪಿಎಚ್‌ಡಿ ಮಾರ್ಗದರ್ಶನದ ಮಾತು ಬಂದಾಗ ಆ ಪತ್ರ ನೆರವಾಗುತ್ತದೆ.

ನಿಯಮಾವಳಿಯಲ್ಲಿ ಎರಡು ಸಂಗತಿಗಳು ಇರಲೇಬೇಕು. ವರದಿ ಯಾರಿಗೆ ಇಷ್ಟವಾಗಲಿ ಬಿಡಲಿ, ಸಂಪಾದಕ ಸಮಿತಿ ಒಪ್ಪಿದ ಮೇಲೆ ಅದು ಪ್ರಕಟವಾಗುತ್ತದೆ ಎಂಬುದು ಒಂದು. ಸಂಚಾಲಕರ ಅವಧಿ ಮೂರು ವರ್ಷ, ನಂತರ ಬೇರೆಯವರು ಎಂಬುದು ಇನ್ನೊಂದು. ಮೊದಲನೆಯದನ್ನು ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳುವುದು ಕಷ್ಟ. ಆಡಳಿತ ಮಂಡಳಿಗಳಲ್ಲಿ ಜಮೀನು, ಗಣಿ, ಉದ್ಯಮದ ಹಿನ್ನೆಲೆಯವರು ಇರುತ್ತಾರೆ. ಆದರೂ ಈ ಮಾತನ್ನು ಆರಂಭದಲ್ಲೇ, ಗೌರವದಿಂದ, ನೇರವಾಗಿ ಆಡಿಬಿಡುವುದು ಒಳ್ಳೆಯದು. ವರದಿ ಸಿದ್ಧವಾದ ಮೇಲೆ ಈ ಚರ್ಚೆ ಶುರುವಾದರೆ ವಿದ್ಯಾರ್ಥಿಗಳ ಎರಡು ವರ್ಷದ ಶ್ರಮ ಕಪಾಟಿನಲ್ಲಿ ಉಳಿಯುತ್ತದೆ.

ಮೂರನೆಯ ಹೆಜ್ಜೆ: ತಂಡ

ಇಬ್ಬರು ಅಧ್ಯಾಪಕರು, ಆರರಿಂದ ಹತ್ತು ವಿದ್ಯಾರ್ಥಿಗಳು, ಆ ಕ್ಷೇತ್ರದಲ್ಲಿ ನಿತ್ಯ ವಕಾಲತ್ತು ಮಾಡುವ ಒಬ್ಬ ಹಿರಿಯ ವಕೀಲರು, ಇಷ್ಟು ಸಾಕು. ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಸಿಕ್ಕಿದರೆ ನಿಮ್ಮ ಅದೃಷ್ಟ, ಏಕೆಂದರೆ ಹಳೆಯ ಕೈಬರಹದ ಮಂಜೂರಾತಿ ವಹಿಯನ್ನು ಓದುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ವಿದ್ಯಾರ್ಥಿಗಳನ್ನು ಅಂಕಗಳ ಮೇಲೆ ಆರಿಸಬೇಡಿ. ಜಗಳೂರು, ಹೊಳಲ್ಕೆರೆ, ಹಿರಿಯೂರು ಕಡೆಯಿಂದ ಬಸ್ಸಿನಲ್ಲಿ ಬರುವ, ಮನೆಯಲ್ಲಿ ಪಹಣಿ ನೋಡಿ ಬೆಳೆದ ಮಕ್ಕಳು ಈ ಕೆಲಸದಲ್ಲಿ ಮಿಂಚುವುದನ್ನು ನಾನು ಕಂಡಿದ್ದೇನೆ. ಇಂಗ್ಲಿಷ್ ತೊಡಕೆಂದು ತರಗತಿಯಲ್ಲಿ ಹಿಂದಿನ ಬೆಂಚು ಹಿಡಿದವರೇ ಆದೇಶಗಳನ್ನು ಎಲ್ಲರಿಗಿಂತ ಚೆನ್ನಾಗಿ ಓದುತ್ತಾರೆ, ಏಕೆಂದರೆ ಆ ಆದೇಶಗಳು ಕನ್ನಡದಲ್ಲಿವೆ.

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನಲ್ಲಿ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿನಲ್ಲಿ 20 ವಾರ ಇಂಟರ್ನ್‌ಶಿಪ್ ಆಗಬೇಕು. ತಂಡದ ವಿದ್ಯಾರ್ಥಿಗಳನ್ನು ಇದೇ ಬಗೆಯ ಪ್ರಕರಣಗಳನ್ನು ನಡೆಸುವ ವಕೀಲರ ಬಳಿಗೆ ಆ ವಾರಗಳಲ್ಲಿ ಕಳುಹಿಸಿದರೆ ನ್ಯಾಯಾಲಯದ ಒಳಹೊರಗು ಅವರಿಗೆ ಬೇಗ ತಿಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಕಡತಗಳ ಸಂಗ್ರಹ

ಕೇಂದ್ರದ ಜೀವ ಇರುವುದು ಇಲ್ಲಿ. ಮೊದಲು ಪ್ರಕರಣಗಳ ಪಟ್ಟಿ ಬೇಕು. ಕಂದಾಯ ನ್ಯಾಯಾಲಯಗಳ ಪ್ರಕರಣಗಳನ್ನು ತೋರಿಸುವ ಆರ್‌ಸಿಸಿಎಂಎಸ್ ಜಾಲತಾಣದಿಂದ ಇತ್ತೀಚಿನವು ಸಿಗುತ್ತವೆ. ಹಳೆಯವಕ್ಕೆ ಉಪವಿಭಾಗಾಧಿಕಾರಿಗಳ ಕಚೇರಿಯ ಪ್ರಕರಣ ವಹಿಯೇ ಆಧಾರ. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆದು, ಸಂಚಾಲಕರೇ ಖುದ್ದಾಗಿ ಹೋಗಿ ಅಧಿಕಾರಿಯನ್ನು ಕಂಡು, ವಹಿ ನೋಡಲು ಅನುಮತಿ ಕೇಳಬೇಕು. ಟಪಾಲಿನಲ್ಲಿ ಕೊಟ್ಟ ಪತ್ರಕ್ಕೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಹೊರಬರಬೇಡಿ.

ಅನುಮತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕರ್ನಾಟಕದ ನಿಯಮಗಳಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳನ್ನು ಮೀರಬಾರದು. ಹೊಸಬರು ಎಡವುವುದು ಇಲ್ಲಿಯೇ. ಹತ್ತು ರೂಪಾಯಿ ಶುಲ್ಕ ಸೇರಿಸಿ, ‘ಇಂಥ ವರ್ಷದಿಂದ ಇಂಥ ವರ್ಷದವರೆಗೆ ದಾಖಲಾದ ಪಿಟಿಸಿಎಲ್ ಪ್ರಕರಣಗಳ ವಹಿಯ ಪ್ರತಿ’ ಎಂದು ಮಾತ್ರ ಕೇಳಿ. ಕಾರಣ ಬರೆಯುವ ಅಗತ್ಯವನ್ನು ಕಾನೂನು ಹೇರಿಲ್ಲ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಆದರೆ ಮಾಹಿತಿ ಹಕ್ಕಿನ ಅರ್ಜಿಯನ್ನು ಮೊದಲ ದಿನವೇ ಹಿಡಿದುಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ. ಕಚೇರಿಯ ಸಿಬ್ಬಂದಿ ನಮ್ಮ ಎದುರಾಳಿಗಳಲ್ಲ, ಅವರಿಂದ ಕಲಿಯಬೇಕಾದದ್ದು ಬಹಳಷ್ಟಿದೆ.

ಪಟ್ಟಿ ಸಿಕ್ಕ ಮೇಲೆ ಆದೇಶಗಳ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಅಂತಿಮ ಆದೇಶವೊಂದನ್ನೇ ತೆಗೆದುಕೊಂಡು ತೃಪ್ತರಾಗಬೇಡಿ, ಪ್ರತಿ ವಿಚಾರಣೆಯ ದಿನ ಏನಾಯಿತೆಂದು ಬರೆದಿಡುವ ಆರ್ಡರ್ ಶೀಟನ್ನೂ ಕೇಳಿ. ನಾನು ವಿದ್ಯಾರ್ಥಿಗಳ ಜೊತೆ ಕುಳಿತು ಓದಿದ ಒಂದು ಆರ್ಡರ್ ಶೀಟು ಮಾಸಲು ಹಸಿರು ಹಾಳೆಯದ್ದು, ಅಂಚು ಇಲಿ ಕಡಿದದ್ದು. ಅದರಲ್ಲಿ ‘ಅರ್ಜಿದಾರರು ಹಾಜರು, ಎದುರುದಾರರು ಗೈರು, ಮೂಲ ಮಂಜೂರಾತಿ ಕಡತ ಕಳುಹಿಸಲು ತಹಶೀಲ್ದಾರರಿಗೆ ಪತ್ರ ಬರೆದಿದೆ’ ಎಂಬ ಸಾಲು ಹನ್ನೊಂದು ಸಲ ಬಂದಿತ್ತು. ಹನ್ನೊಂದು ದಿನಾಂಕಗಳ ಮೇಲೆ ಮೂವರು ಬೇರೆ ಬೇರೆ ಅಧಿಕಾರಿಗಳ ಸಹಿ. ಹನ್ನೆರಡನೆಯ ಸಲ ‘ಕಡತ ಲಭ್ಯವಿಲ್ಲವೆಂದು ವರದಿ ಬಂದಿದೆ’ ಎಂದಿತ್ತು, ಹದಿಮೂರನೆಯದು ವಜಾ ಆದೇಶ. ಅಂತಿಮ ಆದೇಶದಲ್ಲಿ ಬರೆದಿದ್ದ ಕಾರಣ ಮಾತ್ರ ‘ಅರ್ಜಿದಾರರು ಮಂಜೂರಾತಿಯನ್ನು ರುಜುವಾತುಪಡಿಸಲು ವಿಫಲರಾಗಿದ್ದಾರೆ’ ಎಂದು. ಅಂತಿಮ ಆದೇಶವನ್ನಷ್ಟೇ ಓದಿದ ಸಂಶೋಧಕ ಇದನ್ನು ಸಾಕ್ಷ್ಯದ ಕೊರತೆ ಎಂದು ವರ್ಗೀಕರಿಸುತ್ತಿದ್ದ. ಕಳೆದುಹೋಗಿದ್ದು ಸರ್ಕಾರ ಕಾಪಾಡಬೇಕಾಗಿದ್ದ ಕಡತ. ಆ ಸಂಜೆ ತಂಡದ ಹುಡುಗಿಯೊಬ್ಬಳು ನಮ್ಮ ವಹಿಯಲ್ಲಿ ‘ಕಡತ ಇಲ್ಲ: ಯಾರ ವಶದಲ್ಲಿತ್ತು?’ ಎಂಬ ಹೊಸ ಅಂಕಣ ಸೇರಿಸಿದಳು. ಇಡೀ ಅಧ್ಯಯನದಲ್ಲಿ ಹೆಚ್ಚು ಬೆಲೆಬಾಳಿದ ಅಂಕಣ ಅದು.

ವಹಿಯ ಅಂಕಣಗಳನ್ನು ಹೇಗೆ ಇಡಬೇಕೆಂದು ಹಲವರು ಕೇಳುತ್ತಾರೆ. ಪ್ರಕರಣ ಸಂಖ್ಯೆ, ಗ್ರಾಮ, ಸರ್ವೆ ನಂಬರು, ಮಂಜೂರಾದ ವರ್ಷ, ಪರಭಾರೆ ಮಾಡಬಾರದ ಅವಧಿ, ಕ್ರಯಪತ್ರದ ದಿನಾಂಕ, ಅರ್ಜಿಯ ದಿನಾಂಕ, ವಕೀಲರಿದ್ದರೋ ಇಲ್ಲವೋ, ವಿಚಾರಣೆಯ ದಿನಾಂಕಗಳ ಸಂಖ್ಯೆ, ಫಲಿತಾಂಶ, ಮೇಲ್ಮನವಿಯ ಗತಿ, ಇಷ್ಟಿರಲಿ. ಕಾರಣದ ಅಂಕಣದಲ್ಲಿ ನಿಮ್ಮ ಸಾರಾಂಶ ಬರೆಯಬೇಡಿ. ಆದೇಶದ ಕನ್ನಡ ವಾಕ್ಯವನ್ನೇ ಅಕ್ಷರಶಃ ಬರೆದುಕೊಳ್ಳಿ, ವರ್ಗೀಕರಣ ಆಮೇಲೆ. ಒಂದು ಎಚ್ಚರಿಕೆ: ತೋಟಿ, ತಳವಾರಿಕೆಯಂತಹ ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ ಇನಾಂ ಜಮೀನುಗಳ ಮರುಮಂಜೂರಾತಿ ‘ಮಂಜೂರಾದ ಜಮೀನು’ ಎಂಬ ಕಾಯ್ದೆಯ ವ್ಯಾಖ್ಯೆಯ ಹೊರಗಿದೆ. ದರಖಾಸ್ತು (ಅರ್ಜಿಯ ಮೇಲೆ ಕೊಟ್ಟ) ಮಂಜೂರಾತಿಯನ್ನೂ ಇದನ್ನೂ ಒಂದೇ ಗುಂಪಿಗೆ ಹಾಕಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಪ್ರತಿ ಹತ್ತು ಕಡತಗಳಲ್ಲಿ ಎರಡನ್ನು ಬೇರೆ ವಿದ್ಯಾರ್ಥಿ ಮತ್ತೆ ಓದಿ, ಇಬ್ಬರ ನಮೂದುಗಳನ್ನು ತಾಳೆ ನೋಡಬೇಕು.

ಐದನೆಯ ಹೆಜ್ಜೆ: ಊರಿಗೆ ಹೋಗುವುದು

ಕಡತ ಹೇಳದ್ದನ್ನು ಊರು ಹೇಳುತ್ತದೆ. ಹೋಗುವ ಮೊದಲು ಕಾಲೇಜಿನಲ್ಲಿ ಒಂದು ಸಣ್ಣ ನೈತಿಕ ಪರಿಶೀಲನಾ ಸಮಿತಿ ಮಾಡಿಕೊಂಡು, ಕೇಳಲಿರುವ ಪ್ರಶ್ನೆಗಳನ್ನು ಅದರ ಮುಂದಿಡಿ. ಒಪ್ಪಿಗೆ ಪತ್ರ ಆಡುಮಾತಿನ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳಿ, ‘ಬೇಡ’ ಎನ್ನುವ ಹಕ್ಕು ಅವರಿಗಿದೆ ಎಂದು ಮೊದಲೇ ತಿಳಿಸಿ.

ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಾಗುವಳಿ ಚೀಟಿ (ಜಮೀನು ಮಂಜೂರಾತಿಯ ಪತ್ರ) ಇದೆಯೇ ಎಂದು ನಮ್ಮ ಹುಡುಗನೊಬ್ಬ ಒಬ್ಬ ಅಜ್ಜಿಯನ್ನು ಕೇಳಿದ. ಆಕೆ ಒಳಗೆ ಹೋಗಿ, ಟ್ರಂಕಿನಿಂದ ಪ್ಲಾಸ್ಟಿಕ್ ಕವರೊಂದನ್ನು ತಂದು, ಒಳಗಿನ ಬಟ್ಟೆಯ ಗಂಟು ಬಿಚ್ಚಿ, ನಾಲ್ಕು ಮಡಿಕೆಯ ಕಾಗದವನ್ನು ಮೊಣಕಾಲಿನ ಮೇಲೆ ಹರವಿದರು. ಮಡಿಕೆಗಳ ಜಾಗದಲ್ಲಿ ಅಕ್ಷರ ಅಳಿಸಿಹೋಗಿತ್ತು. ಜೆರಾಕ್ಸ್ ಮಾಡಿಸಿಕೊಂಡು ಬರುತ್ತೇನೆ ಎಂದು ಅವನು ಕೈಚಾಚಿದಾಗ, ‘ಇಲ್ಲಪ್ಪ, ಇದನ್ನ ಯಾರ ಕೈಗೂ ಕೊಡಂಗಿಲ್ಲ. ಹಿಂದೆ ಒಬ್ರು ಹಂಗೇ ಹೇಳಿ ಒಯ್ದು ಎಂಟು ವರ್ಷ ಕೊಡ್ಲಿಲ್ಲ. ಇಲ್ಲೇ ಕುಂತು ಓದ್ಕೊ’ ಎಂದರು. ಅಂದಿನಿಂದ ನಮ್ಮ ನಿಯಮ ಇದು: ಮೂಲ ದಾಖಲೆಯನ್ನು ಯಾರ ಮನೆಯಿಂದಲೂ ಹೊರಗೆ ಒಯ್ಯಬಾರದು. ಒಪ್ಪಿದರೆ ಅವರ ಎದುರಿಗೇ ಫೋಟೊ ತೆಗೆದು, ತೆಗೆದದ್ದನ್ನು ಅವರಿಗೆ ತೋರಿಸಿ, ಒಂದು ಸ್ಪಷ್ಟ ಪ್ರತಿಯನ್ನು ಮುಂದಿನ ಭೇಟಿಯಲ್ಲಿ ಅವರಿಗೇ ತಂದುಕೊಡಬೇಕು.

ಜಮೀನಿನ ವ್ಯಾಜ್ಯದಲ್ಲಿ ಕೊಂಡವರೂ ಕೆಲವೊಮ್ಮೆ ಬಡವರೇ ಆಗಿರುತ್ತಾರೆ. ಅವರ ಮನೆಗೂ ಹೋಗಿ. ಮೊಕದ್ದಮೆ ಗೆಲ್ಲುವ ಬಗ್ಗೆ ಯಾರಿಗೂ ಭರವಸೆ ಕೊಡಬೇಡಿ, ಸಹಾಯ ಬೇಕೆಂದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ದಾರಿ ತೋರಿಸಿ. ನಿಮ್ಮ ಕೇಂದ್ರದ ವಿಷಯ ಮಕ್ಕಳಿಗೋ ಲೈಂಗಿಕ ದೌರ್ಜನ್ಯಕ್ಕೋ ಸಂಬಂಧಿಸಿದ್ದರೆ ಗುರುತು ಬಯಲು ಮಾಡುವುದು ಅಪರಾಧ ಎಂಬುದನ್ನು ತಂಡದ ಪ್ರತಿಯೊಬ್ಬರಿಗೂ ಹೇಳಿ; ಬಾಲನ್ಯಾಯ ಕಾಯ್ದೆಯ 74ನೆಯ ಕಲಂ, ಪೋಕ್ಸೊ ಕಾಯ್ದೆಯ 23ನೆಯ ಕಲಂ, ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಂ ಇದನ್ನೇ ಹೇಳುತ್ತವೆ. ಊರಿನ ಹೆಸರು ತೆಗೆದರೆ ಸಾಕೆಂದು ತಿಳಿಯಬೇಡಿ. ಸಣ್ಣ ಹಟ್ಟಿಯಲ್ಲಿ ‘ಇಬ್ಬರು ಹೆಣ್ಣುಮಕ್ಕಳಿರುವ ಅಂಗನವಾಡಿ ಕಾರ್ಯಕರ್ತೆ’ ಎಂದರೆ ಹೆಸರು ಹೇಳಿದಂತೆಯೇ.

ಆರನೆಯ ಹೆಜ್ಜೆ: ಬರೆಯುವುದು

ವರದಿಯನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ಆದೇಶ ಕನ್ನಡದಲ್ಲಿದೆ, ಅರ್ಜಿದಾರ ಕನ್ನಡದವನು, ಓದಬೇಕಾದ ಅಧಿಕಾರಿಯೂ ಕಡತ ನಡೆಸುವುದು ಕನ್ನಡದಲ್ಲಿ. ಇಂಗ್ಲಿಷ್ ರೂಪ ನಂತರ ಬರಲಿ, ಅದು ಹೈಕೋರ್ಟಿನ ವಕೀಲರಿಗೂ ಬೇರೆ ರಾಜ್ಯದ ಸಂಶೋಧಕರಿಗೂ ಬೇಕು. ದರಖಾಸ್ತು, ಬಗರ್‌ಹುಕುಂ, ಖರಾಬು, ಮರುಮಂಜೂರಾತಿ ಮುಂತಾದ ಪದಗಳಿಗೆ ವಿವರಣೆಯ ಪಟ್ಟಿಯೊಂದನ್ನು ಕೊನೆಯಲ್ಲಿ ಸೇರಿಸಿದರೆ ಮುಂದಿನ ತಂಡಗಳಿಗೂ ಉಪಯೋಗ.

ಎಷ್ಟು ಕಡತ ಓದಿದಿರಿ, ಎಷ್ಟು ಸಿಗಲಿಲ್ಲ ಎಂಬುದನ್ನು ಮೊದಲ ಪುಟದಲ್ಲೇ ಹೇಳಿ. ಅರವತ್ತು ಕಡತ ಓದಿ ಇಡೀ ರಾಜ್ಯದ ಬಗ್ಗೆ ತೀರ್ಮಾನ ಕೊಡಬೇಡಿ. ಪ್ರತಿ ಕಾನೂನಿನ ಇಂದಿನ ಸ್ಥಿತಿಯನ್ನು ಅಚ್ಚಿಗೆ ಹೋಗುವ ವಾರ ಮತ್ತೊಮ್ಮೆ ನೋಡಿ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ನ್ಯಾಯ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಮಂಡಕ್ಕಿ ಭಟ್ಟಿಯ ಕೂಲಿಯ ಬಗ್ಗೆ 2024ರಲ್ಲಿ ಸಂದರ್ಶನ ಮಾಡಿ ಇಂದು ಪ್ರಕಟಿಸುವವರು 1948ರ ಕನಿಷ್ಠ ವೇತನ ಕಾಯ್ದೆಯನ್ನೂ ಅದನ್ನು ಒಳಗೊಂಡ ವೇತನ ಸಂಹಿತೆಯನ್ನೂ ಎರಡನ್ನೂ ವಿವರಿಸಬೇಕಾಗುತ್ತದೆ. ಕೃತಿಚೌರ್ಯದ ವಿಷಯದಲ್ಲಿ ಯುಜಿಸಿಯ 2018ರ ನಿಯಮಗಳು ಶೇ 10ರವರೆಗಿನ ಹೋಲಿಕೆಗೆ ದಂಡನೆ ವಿಧಿಸುವುದಿಲ್ಲ. ಆದರೆ ವಿದ್ಯಾರ್ಥಿಯ ಬರಹವನ್ನು ಅಧ್ಯಾಪಕರು ತಮ್ಮ ಹೆಸರಿನಲ್ಲಿ ಪ್ರಕಟಿಸುವ ಅನ್ಯಾಯವನ್ನು ಯಾವ ತಂತ್ರಾಂಶವೂ ಹಿಡಿಯಲಾರದು. ಕಡತ ಓದಿದವರೆಲ್ಲರ ಹೆಸರೂ ಮುಖಪುಟದ ಒಳಗಡೆ ಇರಬೇಕು.

ಏಳನೆಯ ಹೆಜ್ಜೆ: ಹಣ

ಮೊದಲ ವರ್ಷಕ್ಕೆ ದೊಡ್ಡ ಹಣ ಬೇಕಿಲ್ಲ. ನಕಲು ಶುಲ್ಕ, ಬಸ್ ಖರ್ಚು, ಒಂದು ಕಂಪ್ಯೂಟರು, ಬೀಗವಿರುವ ಒಂದು ಕಪಾಟು ಸಾಕು. ನಂತರ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಯೋಜನೆಗಳಿಗೆ ಅರ್ಜಿ ಹಾಕಬಹುದು. ಕಾಲೇಜಿಗೆ ಅನುದಾನದ ಅರ್ಹತೆ ಕೊಡುವ ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಮಾನ್ಯತೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ವಿದೇಶದಿಂದ ಹಣ ಬರುವುದಾದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಇಲ್ಲದೆ ಮುಟ್ಟಬೇಡಿ. ಅಧ್ಯಯನ ಮಾಡುತ್ತಿರುವ ಉದ್ಯಮದಿಂದಲೇ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ) ಹಣ ಪಡೆಯುವುದು ಸಲ್ಲದು. ಗಣಿ ಬಾಧಿತ ಹಳ್ಳಿಗಳ ವರದಿಗೆ ಗಣಿ ಕಂಪನಿಯ ಹಣ ಬಳಸಿದರೆ, ವರದಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ಭೀಮಸಮುದ್ರದ ರೈತ ಅದನ್ನು ನಂಬುವುದಿಲ್ಲ, ನಂಬಬೇಕೆಂದು ಕೇಳುವ ಹಕ್ಕೂ ನಮಗಿರುವುದಿಲ್ಲ.

ಎಂಟನೆಯ ಹೆಜ್ಜೆ: ವರದಿಯನ್ನು ತಲುಪಿಸುವುದು

ಬಿಡುಗಡೆ ಸಮಾರಂಭಕ್ಕಿಂತ ಮೊದಲು ಕರಡನ್ನು ಉಪವಿಭಾಗಾಧಿಕಾರಿಗಳಿಗೆ ಕಳುಹಿಸಿ, ವಾಸ್ತವಾಂಶದ ತಪ್ಪಿದ್ದರೆ ತಿಳಿಸಲು ಒಂದು ತಿಂಗಳು ಕೊಡಿ. ಅಂತಿಮ ಪ್ರತಿ ಜಿಲ್ಲಾಧಿಕಾರಿ, ವ್ಯಾಪ್ತಿಯ ತಹಶೀಲ್ದಾರರು, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ವಕೀಲರ ಸಂಘದ ಗ್ರಂಥಾಲಯ, ರಾಜ್ಯ ಕಾನೂನು ಆಯೋಗಕ್ಕೆ ಹೋಗಲಿ. ಊರಿನವರಿಗೆ ಎಂಟು ಪುಟದ ಕಿರುಹೊತ್ತಿಗೆ ಮಾಡಿ: ಅರ್ಜಿ ಹಾಕುವಾಗ ಯಾವ ದಾಖಲೆ ಬೇಕು, ಸಾಗುವಳಿ ಚೀಟಿ ಕಳೆದಿದ್ದರೆ ಯಾವ ವಹಿಯ ನಕಲು ಕೇಳಬೇಕು, ಮೇಲ್ಮನವಿ ಎಲ್ಲಿ ಎಂಬಷ್ಟು. ನಾವು ಮಾತನಾಡಿಸಿದ ಪ್ರತಿ ಮನೆಗೂ ಅದನ್ನು ಕೈಯಾರೆ ತಲುಪಿಸಿದೆವು. ದೊಡ್ಡ ವರದಿಗಿಂತ ಆ ಹೊತ್ತಿಗೆಯನ್ನು ಹಿಡಿದುಕೊಂಡು ಕಚೇರಿಗೆ ಬಂದವರೇ ಹೆಚ್ಚು.

ಒಂಬತ್ತನೆಯ ಹೆಜ್ಜೆ: ಹಸ್ತಾಂತರ

ಸಂಚಾಲಕರು ವರ್ಗವಾದಾಗ ಅಥವಾ ನಿವೃತ್ತರಾದಾಗ ಕೇಂದ್ರಗಳು ನಿಂತುಹೋಗುತ್ತವೆ. ಅದಕ್ಕೆ ಸಿದ್ಧತೆ ಮೊದಲ ವರ್ಷದಿಂದಲೇ ಬೇಕು. ಕಡತಗಳ ನಕಲುಗಳಿಗೆ ಕ್ರಮಸಂಖ್ಯೆ ಹಾಕಿ ಕಪಾಟಿನಲ್ಲಿ ಇಡಿ, ಅದರ ಸೂಚಿಯನ್ನು ಗ್ರಂಥಪಾಲಕರ ಬಳಿಯೂ ಒಂದು ಇರಿಸಿ. ಕಂಪ್ಯೂಟರಿನ ದತ್ತಾಂಶ ಎರಡು ಹಾರ್ಡ್‌ಡಿಸ್ಕುಗಳಲ್ಲಿರಲಿ, ಕೇಂದ್ರದ ಇಮೇಲ್ ವ್ಯಕ್ತಿಯ ಹೆಸರಿನಲ್ಲಿರದೆ ಕಾಲೇಜಿನ ಹೆಸರಿನಲ್ಲಿರಲಿ. ಸಂದರ್ಶನ ಕೊಟ್ಟವರ ಹೆಸರು-ವಿಳಾಸಗಳ ವಹಿಯನ್ನು ಬೇರೆಯಾಗಿ, ಬೀಗದೊಳಗೆ ಇಟ್ಟು, ಎಷ್ಟು ವರ್ಷದ ನಂತರ ನಾಶಪಡಿಸಬೇಕು ಎಂದು ನಿಯಮಾವಳಿಯಲ್ಲೇ ಬರೆಯಿರಿ. ಹೊಸ ಸಂಚಾಲಕರು ಅಧಿಕಾರ ವಹಿಸಿಕೊಳ್ಳುವ ಮೊದಲು ಮೂರು ತಿಂಗಳು ಹಳಬರ ಜೊತೆ ಕಚೇರಿಗಳಿಗೆ ಹೋಗಿ ಬರಬೇಕು, ಏಕೆಂದರೆ ಯಾವ ರೆಕಾರ್ಡ್ ರೂಮಿನಲ್ಲಿ ಯಾವ ವರ್ಷದ ವಹಿ ಯಾವ ಕಪಾಟಿನ ಮೇಲಿದೆ ಎಂಬುದು ಯಾವ ಸೂಚಿಯಲ್ಲೂ ಬರೆದಿರುವುದಿಲ್ಲ. ಹಸ್ತಾಂತರದ ದಿನ ಕಪಾಟು ತೆರೆದು, ಕಡತಗಳನ್ನು ಎಣಿಸಿ, ಇಬ್ಬರೂ ಸಹಿ ಹಾಕಿ, ಆಮೇಲೆ ಕೀಲಿಕೈ ಕೊಡಿ.